ಕೃಪೆ: ವಾಟ್ಸಾಪ್

ಬನ್ನಿ, ಇನ್ನೂ ಸ್ವಲ್ಪ ಹತ್ತಿರ ಬನ್ನಿ. ಪಕ್ಕದಲ್ಲಿ ಮಕ್ಕಳು ಯಾರೂ ಇಲ್ಲ ತಾನೇ? ಇದ್ದರೆ ಕೈಗೊಂದು ಕೋಡುಬಳೆ ಕೊಟ್ಟು ಆಚೆ ಕಳಿಸಿ. ಈಗ ಹೇಳೋ ವಿಷಯ ಅವರ ಕಿವಿಗೆ ಬಿದ್ದರೆ ನಿಮ್ಮದೂ ನನ್ನದೂ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತೆ.

ಎದೆ ಮುಟ್ಟಿಕೊಂಡು ಹೇಳಿ, ಬೆಳಗ್ಗೆ ಎದ್ದ ಕೂಡಲೇ ಮೊದಲು ಏನು ನೋಡ್ತೀರಾ? ಅಂಗೈ ನೋಡಿಕೊಂಡು ಏಳಬೇಕು ಅಂತ ಅಜ್ಜಿ ಹೇಳಿಕೊಟ್ಟಿದ್ದರು. ನಾವೂ ಅಂಗೈಯನ್ನೇ ನೋಡ್ತೀವಿ ಬಿಡಿ, ಅಂಗೈ ಮೇಲೆ ಫೋನ್ ಕೂತಿರುತ್ತೆ ಅಷ್ಟೇ. ಅದರಲ್ಲೊಂದು ಸೂರ್ಯೋದಯ, ಸೂರ್ಯನ ಮೇಲೊಂದು ಗುಲಾಬಿ, ಗುಲಾಬಿ ಕೆಳಗೊಂದು ಹಿತವಚನ, ಪಕ್ಕದಲ್ಲಿ ಅಬ್ದುಲ್ ಕಲಾಂ ಫೋಟೋ.

(ಕಲಾಂ ಅವರು ಅಷ್ಟೊಂದು ಮಾತು ನಿಜವಾಗ್ಲೂ ಆಡಿದ್ದರೆ ರಾಕೆಟ್ ಹಾರಿಸೋಕೆ ಪುರುಸೊತ್ತು ಎಲ್ಲಿ ಸಿಗ್ತಿತ್ತು ಅಂತ ಯಾವತ್ತಾದ್ರೂ ಯೋಚಿಸಿದೀರಾ?) ಇಲ್ಲ. ಓದಿದ್ರೋ ಬಿಟ್ರೋ, ಹೆಬ್ಬೆರಳು ಒತ್ತಿ ಮೂರು ಗ್ರೂಪಿಗೆ ರವಾನೆ. ಹಲ್ಲುಜ್ಜೋದು ಆಮೇಲೆ.

ಬೈಯ್ಕೋಬೇಡಿ, ನಾನೂ ಅದೇ ಗುಂಪಿನವನು. ಹೋದ ಶ್ರಾವಣದಲ್ಲಿ ನಮ್ಮ ನೆಂಟರ ಗ್ರೂಪಿಗೆ ಒಂದು ಕಗ್ಗ ಹಾಕಿದೆ. ನಾಲ್ಕು ಸಾಲು, ಕೊನೆಯಲ್ಲಿ ‘ಮಂಕುತಿಮ್ಮ’, ಪಕ್ಕದಲ್ಲಿ ಪೇಟ ಸುತ್ತಿದ ಡಿವಿಜಿ. ಅತ್ತೆ ಸೊಸೆ ಹೊಂದಿಕೊಂಡು ಹೋಗಬೇಕು ಅನ್ನೋ ಅರ್ಥದ್ದು. ಹತ್ತು ನಿಮಿಷದಲ್ಲಿ ಹದಿನಾಲ್ಕು ಕೈಮುಗಿದ ಗೊಂಬೆ ಬಂದವು. ದೊಡ್ಡಮ್ಮ ಮಾತ್ರ ಹೂವಿನ ಗೊಂಬೆ ಹಾಕಿದರು (ಅವರು ಎಲ್ಲದಕ್ಕೂ ಹೂವೇ, ಸಾವಿನ ಸುದ್ದಿಗೂ).

ನಾನು ಕಾಫಿ ಹೀರ್ತಾ, ಡಿವಿಜಿಯೂ ನಾನೂ ಸೇರಿಯೇ ಬರೆದವರ ಹಾಗೆ ಬೀಗ್ತಾ ಇದ್ದೆ. ಆಗ ಬಂತು ನೋಡಿ ಅಕ್ಕನ ಮಗಳು ಪುಟ್ಟಿಯ ಮೆಸೇಜು. ಎಂಟನೇ ಕ್ಲಾಸು. ಅಕ್ಕನ ಫೋನಿನಿಂದ ಬರೆದಿದ್ದಳು: “ಮಾಮ, ಇದು ಎಷ್ಟನೇ ಪದ್ಯ?”

ಎಷ್ಟನೇದು ಅಂದ್ರೆ? ಕಗ್ಗ ಅಂದ್ರೆ ಕಗ್ಗ ಕಣೇ. ಅದಕ್ಕೇನು ರೇಷನ್ ಕಾರ್ಡ್ ನಂಬರ್ ಇರುತ್ತಾ? ಹೀಗೇ ಬರೆದುಬಿಟ್ಟೆ. ಅವಳು ಸುಮ್ಮನಾದಳು. ಮಕ್ಕಳು ಸುಮ್ಮನಾದರೆ ಹುಷಾರಾಗಿರಬೇಕು ಅಂತ ನಿಮಗೂ ಗೊತ್ತಲ್ಲ? ಮಾರನೇ ದಿನ ಸಂಜೆ ಇನ್ನೊಂದು ಮೆಸೇಜು: “ಮಾಮ, ಇರೋದೇ 945 ಪದ್ಯ. ನಮ್ಮ ಲೈಬ್ರರಿ ಪುಸ್ತಕದ ಹಿಂದೆ ಅಕಾರಾದಿ ಪಟ್ಟಿ ಇದೆ. ಎರಡು ಸಲ ನೋಡಿದೆ. ನಿಮ್ಮದು ಇಲ್ಲ.”

ನಿಮ್ಮದು ಇಲ್ಲ! ಗ್ರೂಪಿನಲ್ಲಿ ಮೂವತ್ತೆರಡು ಜನ ಇದ್ದಾರೆ ಸ್ವಾಮಿ. ನಾನು ಸೋಲ್ತೀನಾ? ‘ಮರುಳ ಮುನಿಯನ ಕಗ್ಗ ಅಂತ ಡಿವಿಜಿಯವರದೇ ಇನ್ನೊಂದಿದೆ, ಅದರಲ್ಲಿರುತ್ತೆ, ದೊಡ್ಡವಳಾದ ಮೇಲೆ ಓದು’ ಅಂದೆ. ಎರಡು ನಿಮಿಷಕ್ಕೆ ಉತ್ತರ ಬಂತು: “ಆ ಪದ್ಯಗಳ ಕೊನೆಗೆ ಮರುಳ ಮುನಿಯ ಅಂತ ಬರುತ್ತೆ ಮಾಮ. ನಿಮ್ಮದರಲ್ಲಿ ಮಂಕುತಿಮ್ಮ ಇದೆ.”

ಇದಕ್ಕೂ ದೊಡ್ಡಮ್ಮ ಹೂವು ಹಾಕಿದರು.

ಈಗ ನನ್ನ ವಿಷಯ ಬಿಡಿ, ನಿಮ್ಮ ಕಥೆಗೆ ಬರೋಣ. ನೀವು ಓದಿದ ಸ್ಕೂಲಲ್ಲಿ ಲೈಬ್ರರಿ ಇತ್ತಾ? ಇತ್ತು, ಅಲ್ವಾ? ಎಲ್ಲಿತ್ತು? ಹೆಡ್‌ಮಾಸ್ಟರ್ ರೂಮಿನಲ್ಲಿ, ಗಾಂಧೀಜಿ ಫೋಟೋ ಕೆಳಗೆ, ಒಂದು ಹಸಿರು ಕಬ್ಬಿಣದ ಬೀರು. ಗಾಜಿನ ಬಾಗಿಲಾಗಿದ್ದರೆ ನಿಮ್ಮ ಪುಣ್ಯ, ಪುಸ್ತಕದ ಬೆನ್ನಾದರೂ ಕಂಡಿರುತ್ತೆ.

ನಮ್ಮ ಸ್ಕೂಲಿನ ಬೀರುವಿನ ಬೀಗದ ಕೈ ಅಟೆಂಡರ್ ಹತ್ತಿರ ಇತ್ತು. ಅಟೆಂಡರ್ ತೋಟಕ್ಕೆ ಹೋಗಿರ್ತಿದ್ದ. ಟೈಂಟೇಬಲ್‌ನಲ್ಲಿ ‘ಲೈಬ್ರರಿ’ ಅಂತ ಒಂದು ಪೀರಿಯಡ್ ಇರ್ತಿತ್ತು, ಅದನ್ನ ಗಣಿತದ ಮೇಷ್ಟ್ರು ಬಂದು ಪೋರ್ಷನ್ ಮುಗಿಸೋಕೆ ಅಂತ ಗುಳುಂ ಮಾಡ್ತಿದ್ದರು. ಪುಸ್ತಕ ಕೊಟ್ಟರೆ ಹರಿಯುತ್ತೆ, ಹರಿದರೆ ಆಡಿಟ್‌ನಲ್ಲಿ ತೊಂದರೆ. ಹಾಗಾಗಿ ನಮ್ಮ ಪುಸ್ತಕಗಳು ಮದುವೆ ಸೀರೆ ಥರ, ವರ್ಷಕ್ಕೊಂದು ಸಲ ಬಿಸಿಲು ಕಂಡು ಮತ್ತೆ ನುಸಿಗುಳಿಗೆ ಜೊತೆ ಮಲಗ್ತಿದ್ದವು.

ಯೂರೋಪಿನಲ್ಲಿ ಹಿಂದೆ ಪುಸ್ತಕಕ್ಕೆ ಸರಪಳಿ ಬಿಗಿದು ಕಪಾಟಿಗೆ ಕಟ್ತಿದ್ದರಂತೆ. ಅದಾದರೂ ವಾಸಿ, ಕಟ್ಟಿಹಾಕಿದ್ದನ್ನ ನಿಂತ ಜಾಗದಲ್ಲೇ ಓದಬಹುದಿತ್ತು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರಾಗಿದ್ದ ಎಸ್. ಆರ್. ರಂಗನಾಥನ್ ಇದ್ದರಲ್ಲ (ಮೂಲತಃ ಗಣಿತದ ಮೇಷ್ಟ್ರೇ, ಆದರೆ ಪೀರಿಯಡ್ ಕದಿಯೋ ಪೈಕಿ ಅಲ್ಲ), ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು. ಪುಸ್ತಕ ಇರೋದು ಬಳಸೋದಕ್ಕೆ ಅನ್ನೋದೇ ಮೊದಲನೇದು. ಅಷ್ಟು ಸರಳ.

ಅದೇ ಮನುಷ್ಯ 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಅಂತ ಒಂದು ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಬೆಂಗಳೂರಿನಲ್ಲೇ ಕಣ್ಣು ಮುಚ್ಚಿದರು. ಅವರ ಹುಟ್ಟಿದ ದಿನ ಅಂತ ಆಗಸ್ಟ್ 12ಕ್ಕೆ ದೇಶವೆಲ್ಲ ಗ್ರಂಥಪಾಲಕರ ದಿನ. ಅವತ್ತು ನಮ್ಮ ಬೀರುವಿಗೂ ಒಂದು ಹಾರ ಬೀಳ್ತಿತ್ತು. ಬೀಗಕ್ಕೆ ಕುಂಕುಮ.

ಪುಟ್ಟಿಯ ಸ್ಕೂಲೂ ಅರಮನೆಯೇನಲ್ಲ. ತುಮಕೂರು ಕಡೆಯ ಒಂದು ಸಾಧಾರಣ ಸರ್ಕಾರಿ ಹೈಸ್ಕೂಲು. ಗ್ರಂಥಪಾಲಕರ ಹುದ್ದೆ ಅಂತ ಒಂದಿಲ್ಲ, ಕನ್ನಡ ಮೇಡಂಗೇ ‘ಲೈಬ್ರರಿ ಇನ್‌ಚಾರ್ಜ್’ ಅಂತ ಬಾಲ ಅಂಟಿಸಿದಾರೆ (ಬಿಸಿಯೂಟದ ಲೆಕ್ಕ, ಚುನಾವಣೆ ಡ್ಯೂಟಿ, ಗಣತಿ, ಇವೆಲ್ಲ ಆದ ಮೇಲೆ ಉಳಿದಿದ್ದರಲ್ಲಿ). ಆ ಮೇಡಂ ಮಾಡಿದ ಮೊದಲ ಕ್ರಾಂತಿ ಏನು ಗೊತ್ತಾ? ಬೀಗದ ಕೈ ಕಳೆದುಹಾಕಿದ್ದು. ಬೇಕಂತಲೇ ಅಂತ ಪುಟ್ಟಿ ಹೇಳ್ತಾಳೆ.

ಒಂದು ಶನಿವಾರ ಮಳೆ ಬರೋ ಹಾಗಿತ್ತು, ಛತ್ರಿ ಕೊಡೋ ನೆಪದಲ್ಲಿ ಅಲ್ಲಿಗೆ ಹೋದೆ. (ನಿಜ ಹೇಳಿಬಿಡ್ತೀನಿ, ನನ್ನ ಮಾನ ಕಳೆದ ಆ ಕಾರ್ಖಾನೆ ನೋಡಬೇಕಿತ್ತು.) ರೂಮಿನ ನೆಲಕ್ಕೆ ನೀಲಿ ಟಾರ್ಪಾಲು ಹಾಸಿ ಬೀರುವಿನ ಪುಸ್ತಕವನ್ನೆಲ್ಲ ಸುರಿದಿದ್ದರು, ಒಕ್ಕಣೆ ಕಣದಲ್ಲಿ ರಾಗಿ ಸುರಿದ ಹಾಗೆ. ಮಕ್ಕಳು ಸುತ್ತ ಕೂತು ಕೆದಕ್ತಾ ಇದ್ದವು. ನಾನು ಹಿಂದೆ ಹೋಗಿ ಕೂತೆ.

ಮೇಡಂ ಬೋರ್ಡ್ ಮೇಲೆ ಒಂದೇ ಪ್ರಶ್ನೆ ಬರೆದರು: ಭಾರತದ ಅತಿ ಎತ್ತರದ ಜಲಪಾತ ಯಾವುದು? ಅಯ್ಯೋ, ಇಷ್ಟೇನಾ! ನೀವಾಗಿದ್ರೂ ತಡ್ಕೊಳ್ತಿರಲಿಲ್ಲ. ಹಿಂದಿನಿಂದ ನಾನು “ಜೋಗ!” ಅಂತ ಕೂಗಿಯೇಬಿಟ್ಟೆ. ಮಕ್ಕಳೆಲ್ಲ ತಿರುಗಿ ನೋಡಿದವು. ಎರಡು ಜಡೆಯ ಒಂದು ಹುಡುಗಿ ತುಂಬಾ ಮರ್ಯಾದೆಯಿಂದ ಕೇಳಿದಳು: “ನಿಮ್ಮದು ಯಾವ ವರ್ಷದ ಪುಸ್ತಕ ಸಾರ್?”

ಪುಟ್ಟಿ ಟಾರ್ಪಾಲಿನೊಳಗೆ ಮುಖ ಮುಚ್ಚಿಕೊಂಡಳು.

ಆಮೇಲೆ ನಡೆದಿದ್ದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ ಕೇಳಿ. ಒಬ್ಬ ಹುಡುಗ ರಟ್ಟು ಕಿತ್ತುಹೋದ ಒಂದು ಸಾಮಾನ್ಯಜ್ಞಾನದ ಗೈಡ್ ಎತ್ತಿಕೊಂಡ. ಮುಂದಿನಿಂದ ಓದಲಿಲ್ಲ ಅವನು, ಸೀದಾ ಹಿಂದಕ್ಕೆ ಹೋಗಿ ಪದಸೂಚಿಯಲ್ಲಿ ‘ಜ’ ಹುಡುಕಿ, ಪುಟ ತೆಗೆದು ಓದಿದ. ಜೋಗ, 253 ಮೀಟರ್, ದೇಶಕ್ಕೇ ಎತ್ತರ. ನಾನು ಮೀಸೆ ತಿರುವಿಕೊಂಡೆ.

ಇನ್ನೊಬ್ಬಳಿಗೆ ಒಂದು ಭೂಗೋಳದ ಪುಸ್ತಕ ಸಿಕ್ತು. ಅದರಲ್ಲಿ ಮೇಘಾಲಯದ ನೊಹ್‌ಕಲಿಕಾಯಿ, ಚೆರಾಪುಂಜಿ ಹತ್ತಿರದ್ದು, 340 ಮೀಟರ್. ಅಷ್ಟರಲ್ಲಿ ಮೇಡಂ ಫೋನಿನಲ್ಲಿ ಹುಡುಕುತ್ತಿದ್ದ ಗುಂಪು ಕಿರುಚಿಕೊಳ್ತು: ಕುಂಚಿಕಲ್ ಮಿಸ್! ವಾರಾಹಿ ನದಿ, ನಮ್ಮ ಶಿವಮೊಗ್ಗ ಜಿಲ್ಲೆಯದೇ, 455 ಮೀಟರ್! ಬೋರ್ಡ್ ಮೇಲೆ ಮೂರು ಉತ್ತರ ಬಿದ್ದವು.

ನೀವು ಮೇಷ್ಟ್ರಾಗಿದ್ರೆ ಏನು ಮಾಡ್ತಿದ್ರಿ? ‘ಪರೀಕ್ಷೆಗೆ ಇದು ಬರ್ಕೊಳ್ಳಿ’ ಅಂತ ಒಂದಕ್ಕೆ ಗೆರೆ ಎಳೆದು ಬೆಲ್ ಹೊಡೆಸ್ತಿದ್ರಿ. ಮೇಡಂ ಗೆರೆ ಎಳೀಲಿಲ್ಲ. ಮೂರು ಸಾಲು ಬರೆದರು: ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಅವರಿಗೆ ಹೇಗೆ ಗೊತ್ತಾಯ್ತು? ಬರೆದು ಸೀಮೆಸುಣ್ಣ ಇಟ್ಟು ಕಿಟಕಿ ಹತ್ತಿರ ಹೋಗಿ ನಿಂತರು. ಮಳೆ ಶುರುವಾಗಿತ್ತು.

ಮಕ್ಕಳು ಜಗಳಕ್ಕೆ ಬಿದ್ದವು. ಗೈಡಿನ ಒಳಪುಟದಲ್ಲಿ ಮುದ್ರಣದ ವರ್ಷವೇ ಇಲ್ಲ, ಆ ಪುಟವೇ ಹರಿದುಹೋಗಿದೆ, ಹಾಗಾಗಿ ಅದಕ್ಕೆ ಅರ್ಧ ಮಾರ್ಕು ಅಂತ ಒಬ್ಬ. ಕೊನೆಗೆ ಮೂಲೆಯಲ್ಲಿ ಮೂಗು ಒರೆಸಿಕೊಳ್ತಾ ಕೂತಿದ್ದ ಒಬ್ಬ ಪೋರ ಎದ್ದು ನಿಂತ. ಜೋಗದಲ್ಲಿ, ನೊಹ್‌ಕಲಿಕಾಯಿಯಲ್ಲಿ ನೀರು ಒಂದೇ ನೆಗೆತ ನೆಗೆಯುತ್ತೆ. ಕುಂಚಿಕಲ್‌ನಲ್ಲಿ ಬಂಡೆ ಮೇಲೆ ಹಂತ ಹಂತವಾಗಿ ಇಳಿಯುತ್ತೆ. “ಮಹಡಿಯಿಂದ ಹಾರಿದವನನ್ನೂ ಮೆಟ್ಟಿಲು ಇಳಿದು ಬಂದವನನ್ನೂ ಒಂದೇ ಟೇಪಲ್ಲಿ ಅಳೆದರೆ ಹೇಗೆ ಮಿಸ್?”

ಐವತ್ತು ವರ್ಷದಿಂದ ‘ಜೋಗ’ ಅಂತ ಎದೆ ತಟ್ಟಿಕೊಂಡು ಓಡಾಡಿದೀನಿ, ಅಳತೆ ಹೇಗೆ ಅಂತ ಒಂದು ದಿನ ಕೇಳಿರಲಿಲ್ಲ. ನೀವು ಕೇಳಿದ್ರಾ? ಸುಳ್ಳು ಹೇಳಬೇಡಿ.

ಇದಕ್ಕೆ ಇಂಗ್ಲಿಷಿನಲ್ಲಿ ‘ಇನ್ಫರ್ಮೇಶನ್ ಲಿಟರಸಿ’ ಅಂತ ಭಾರೀ ಹೆಸರಿದೆ. 1974ರಲ್ಲಿ ಅಮೆರಿಕದ ಪಾಲ್ ಝುರ್ಕೋವ್ಸ್ಕಿ ಅನ್ನೋರು ಹುಟ್ಟಿಸಿದ ಪದ. ಕನ್ನಡದಲ್ಲಿ ‘ಮಾಹಿತಿ ಸಾಕ್ಷರತೆ’ ಅಂತಾರೆ, ಹಾಗಂದ ಕೂಡಲೇ ಸೆಮಿನಾರಿನ ಊಟದ ಕೂಪನ್ ನೆನಪಾಗುತ್ತೆ. ನಮ್ಮ ಅಜ್ಜಿಯಂದಿರು ಇಷ್ಟೆಲ್ಲ ಸುತ್ತಲಿಲ್ಲ. ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂದರು, ಒಲೆ ಊದೋಕೆ ಹೋದರು.

ಈಗ ನಿಮ್ಮ ಮನೆಯ ರಾತ್ರಿ ಒಂಬತ್ತೂವರೆಗೆ ಬರೋಣ. ಮಗ ಬಂದು “ಅಪ್ಪ, ನಾಳೆ ಪ್ರಾಜೆಕ್ಟ್ ಕೊಡಬೇಕು” ಅಂತಾನೆ. ಹೇಳಿ ಎರಡು ವಾರ ಆಗಿರುತ್ತೆ, ನೆನಪಾಗೋದು ಇವತ್ತು ರಾತ್ರಿ. ಆಮೇಲೆ ಮನೆಯಲ್ಲಿ ನಡೆಯೋದು ಶಸ್ತ್ರಚಿಕಿತ್ಸೆ. ಅಮ್ಮ ಥರ್ಮೋಕೋಲ್ ಕೊಯ್ತಾಳೆ, ನೀವು ಸ್ಟೇಷನರಿ ಅಂಗಡಿ ಶಟರ್ ತಟ್ಟಿ ಐದು ರೂಪಾಯಿಯ ಚಿತ್ರದ ಚಾರ್ಟ್ ತರ್ತೀರಾ, ಗೂಗಲ್‌ನಲ್ಲಿ ಮೊದಲು ಬಂದಿದ್ದನ್ನ ಕಾಪಿ ಮಾಡಿ ಪ್ರಿಂಟ್ ತೆಗೀತೀರಾ. ಮಗ? ಮಲಗಿರ್ತಾನೆ.

ಕೊನೇ ಪುಟದಲ್ಲಿ ‘ಆಕರ’ ಅಂತ ಒಂದು ಕಾಲಂ ಇರುತ್ತೆ. ನೀವು ಅಲ್ಲಿ ಏನು ಬರೀತೀರಾ ನನಗೆ ಗೊತ್ತು. ‘ಗೂಗಲ್’. ಅಲ್ಲಾ ಸ್ವಾಮಿ, ಈ ಹುಳಿ ಎಲ್ಲಿಂದ ಬಂತು ಅಂತ ಕೇಳಿದರೆ ಸೌಟಿನಿಂದ ಅಂತೀರಾ? ಬೇಳೆ ಯಾವ ಅಂಗಡಿಯದು, ಪುಡಿ ಯಾರು ಕುಟ್ಟಿದ್ದು ಅಂತ ತಾನೇ ಕೇಳಿದ್ದು? ಗೂಗಲ್ಲು ಸೌಟು ಕಣ್ರೀ. ಯಾವ ಪಾತ್ರೆಗೆ ಅದ್ದಿದರೆ ಅಲ್ಲಿಂದ ತೆಗೆದು ಬಡಿಸುತ್ತೆ.

ವಾಟ್ಸಾಪಿಗೂ ಇದೇ ಮಾತು. ವಚನಕಾರರು ಬರೆದ ಒಂದೊಂದು ವಚನಕ್ಕೂ ಅಂಕಿತ ಇಟ್ಟರು, ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ ಅಂತ. ಮಾತು ಯಾರದು ಅಂತ ಎಂಟುನೂರು ವರ್ಷ ಆದ ಮೇಲೂ ಗೊತ್ತಾಗುತ್ತೆ. ಅವರ ವಂಶದವರು ನಾವು ಈಗ ಕೆಳಗೆ ಏನು ಹಾಕ್ತೀವಿ? ‘ಕೃಪೆ: ವಾಟ್ಸಾಪ್’. ಸ್ವಲ್ಪ ಸಂಕೋಚ ಇರೋರು ‘ಸಂಗ್ರಹ’ ಅಂತಾರೆ.

ಮಕ್ಕಳು ಮೋಸ ಹೋಗೋದೇ ಇಲ್ಲ ಅಂತ ನಾನು ಹೇಳ್ತಿಲ್ಲ. ಅಮೆರಿಕದಲ್ಲಿ ಮರದ ಮೇಲೆ ವಾಸಿಸೋ ಆಕ್ಟೋಪಸ್ ಅಂತ ತಮಾಷೆಗೆ ಒಬ್ಬ 1998ರಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿದ. ಫೋಟೋ, ಆಹಾರ, ಅಳಿವಿನ ಅಂಚು, ಎಲ್ಲ ಇತ್ತು. ಕೆಲವು ವರ್ಷದ ನಂತರ ಕನೆಕ್ಟಿಕಟ್‌ನ ಸಂಶೋಧಕರು ಅದನ್ನ ಏಳನೇ ಕ್ಲಾಸಿನ ಮಕ್ಕಳಿಗೆ ತೋರಿಸಿದರು. ಹೆಚ್ಚುಕಡಿಮೆ ಎಲ್ಲ ನಂಬಿದವು. ಪಾಪ, ಮಕ್ಕಳು. ಆದರೆ ನೀವು ನಗೋ ಮುಂಚೆ 2016ರ ನವೆಂಬರ್ ಒಂದು ಸಲ ನೆನಪು ಮಾಡ್ಕೊಳ್ಳಿ.

ಎರಡು ಸಾವಿರದ ನೋಟಿನಲ್ಲಿ ಚಿಪ್ ಇದೆ, ನೆಲದೊಳಗೆ ಹೂತರೂ ಉಪಗ್ರಹಕ್ಕೆ ಕಾಣುತ್ತೆ ಅಂತ ನನಗೆ ಹೇಳಿದ್ದು ಯಾರು? ನೋಟನ್ನ ಬಲ್ಬಿಗೆ ಹಿಡಿದು ‘ಕಾಣ್ತಾ ಇದೆ, ಕಾಣ್ತಾ ಇದೆ’ ಅಂದವರು ಯಾರು? ಮರ ಹತ್ತಿದ ಆಕ್ಟೋಪಸ್ ಎಷ್ಟೋ ಮೇಲು ಬಿಡಿ.

ಇದೆಲ್ಲ ಫೋನ್ ಬಂದ ಮೇಲೆ ಶುರುವಾದ ರೋಗ ಅಂತ ಜಾರಿಕೊಳ್ಳೋಕೂ ಬಿಡಲ್ಲ ನಿಮ್ಮನ್ನ. ಪೋಸ್ಟ್ ಕಾರ್ಡ್ ಕಾಲದಲ್ಲಿ ದೇವರ ಹೆಸರಿನ ಪತ್ರ ಬರ್ತಿತ್ತು. ಇಪ್ಪತ್ತೊಂದು ಜನಕ್ಕೆ ಬರೆದವನಿಗೆ ಲಾಟರಿ ಹೊಡೀತು, ಹರಿದು ಹಾಕಿದವನ ಎಮ್ಮೆ ಸತ್ತಿತು. ನೀವು ಎಮ್ಮೆ ಇಲ್ಲದಿದ್ದರೂ ರಾತ್ರಿ ಕೂತು ಇಪ್ಪತ್ತೊಂದು ಕಾರ್ಡ್ ಬರೆದ್ರಿ.

ಬೆಂಗಳೂರಿನವರಾದರೆ ಇನ್ನೊಂದು ಕೇಳ್ತೀನಿ. ತೊಂಬತ್ತರ ದಶಕದಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿದ್ರಾ ಇಲ್ವಾ? ದೆವ್ವ ಬಂದು ಕನ್ನಡ ಓದಿ, ಸರಿ ನಾಳೆ ಬರ್ತೀನಿ ಅಂತ ವಾಪಸ್ ಹೋಗುತ್ತೆ ಅಂತ. (ದೆವ್ವವೂ ಸಾಕ್ಷರ ಇತ್ತು ಅನ್ನೋದೇ ನಮ್ಮ ಹೆಮ್ಮೆ.) 1995ರ ಸೆಪ್ಟೆಂಬರ್ 21ರಂದು ಗಣಪತಿಗೆ ಹಾಲು ಕುಡಿಸೋಕೆ ಸಾಲಿನಲ್ಲಿ ನಿಂತಿರಲಿಲ್ವಾ? ನಾನಂತೂ ನಿಂತಿದ್ದೆ, ಚಮಚ ನಾನೇ ತಗೊಂಡು ಹೋಗಿದ್ದೆ.

ಕೆಲವು ಸಲ ನಗು ಬರಲ್ಲ. 2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿ ರೈಲು ಹತ್ತಿದರು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ದಾರಿಯಲ್ಲಿ ಸಿಕ್ಕ ಮಕ್ಕಳಿಗೆ ಚಾಕಲೇಟ್ ಕೊಟ್ಟವರನ್ನ ಮಕ್ಕಳ ಕಳ್ಳರು ಅಂತ ವಾಟ್ಸಾಪ್ ಹಬ್ಬಿಸಿ, ಗುಂಪು ಸೇರಿ ಹೊಡೆದು ಒಬ್ಬರ ಜೀವವೇ ಹೋಯ್ತು. ಆ ಮೆಸೇಜನ್ನ ಮುಂದೆ ತಳ್ಳಿದವರೂ ನಮ್ಮ ನಿಮ್ಮ ಥರದವರೇ, ಕಾಫಿ ಕುಡೀತಾ.

ಅದೇ ತಿಂಗಳು ವಾಟ್ಸಾಪಿನವರು ಭಾರತಕ್ಕೆ ಅಂತ ಒಂದು ಮಿತಿ ತಂದರು, ಒಂದು ಸಲಕ್ಕೆ ಐದೇ ಕಡೆ ಫಾರ್ವರ್ಡ್. 2012ರಲ್ಲೂ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಅಂತ ಹಿಡಿತ ಹಾಕಿತ್ತು. 2020ರಲ್ಲಿ ತುಂಬ ಸಲ ಸುತ್ತಾಡಿದ ಮೆಸೇಜು ಒಂದು ಸಲಕ್ಕೆ ಒಂದೇ ಕಡೆಗೆ ಅಂತಾಯ್ತು. ನಿಮ್ಮ ಹೆಬ್ಬೆರಳಿಗೆ ಬೇಡಿ ಹಾಕೋಕೆ ಸರ್ಕಾರ, ಕಂಪನಿ ಎರಡೂ ಬರಬೇಕಾಯ್ತು ನೋಡಿ. (ಬೇಡಿ ಬಿದ್ದ ಮೇಲೆ ಕಾಪಿ ಮಾಡಿ ಪೇಸ್ಟ್ ಮಾಡೋದು ಕಲಿತ್ರಿ, ಅದೂ ನನಗೆ ಗೊತ್ತು.)

ಕೊಡಗಿನಿಂದ ಘಟ್ಟ ಇಳಿದರೆ ಸಿಗೋ ಕಣ್ಣೂರಿನಲ್ಲಿ ಬೇರೆ ದಾರಿ ಹಿಡಿದರು. ದಡಾರ ರುಬೆಲ್ಲಾ ಲಸಿಕೆ ಮೇಲೆ ಏನೇನೋ ವದಂತಿ ಹಬ್ಬಿ ಅಪ್ಪ ಅಮ್ಮಂದಿರು ಮಕ್ಕಳಿಗೆ ಚುಚ್ಚಿಸೋಕೆ ಹಿಂಜರಿದಿದ್ದರು. 2018ರಲ್ಲಿ ಜಿಲ್ಲಾಡಳಿತ ನೂರೈವತ್ತು ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಅಂತ ಪಾಠ ಶುರು ಮಾಡ್ತು, ಸುಳ್ಳುಸುದ್ದಿ ಪತ್ತೆ ಮಾಡೋದು ಹೇಗೆ ಅಂತ. ಮಕ್ಕಳಿಗೆ ಕಲಿಸಿದ್ದು. ಯಾರಿಗೆ ತಲುಪಲಿ ಅಂತ ಕಲಿಸಿದ್ದು ಅನ್ನೋದನ್ನ ಬಿಡಿಸಿ ಹೇಳಬೇಕಾ?

ಇಷ್ಟೆಲ್ಲ ಬೈದೆ ಅಂತ ಮೂತಿ ಉದ್ದ ಮಾಡಬೇಡಿ. ಈಗ ಹೊಗಳ್ತೀನಿ. ನೀವು ದಡ್ಡರೇನಲ್ಲ. ಈ ವಿದ್ಯೆಯಲ್ಲಿ ನೀವು ಪಿಎಚ್‌ಡಿ. ನಂಬಿಕೆ ಇಲ್ವಾ? ನಿಮ್ಮ ಮಗಳಿಗೆ ಒಂದು ಗಂಡು ಬಂತು ಅಂತಿಟ್ಕೊಳ್ಳಿ.

ಬಯೋಡೇಟಾ ಕೈಗೆ ಬಂತು. ಹುಡುಗ ಸಾಫ್ಟ್‌ವೇರು, ಸ್ವಂತ ಮನೆ, ಒಳ್ಳೇ ಸಂಬಳ, ಕುಡಿಯಲ್ಲ, ಸೇದಲ್ಲ, ದೇವರು ದಿಂಡರು ಅಂದ್ರೆ ಪ್ರಾಣ. ಫೋಟೋದಲ್ಲಿ ಹಣೆಗೆ ವಿಭೂತಿ ಬೇರೆ. ನೀವು ಅದನ್ನ ಓದಿ, ಕೈ ಮುಗಿದು, ಮೂರು ಗ್ರೂಪಿಗೆ ಫಾರ್ವರ್ಡ್ ಮಾಡಿ, ಮಂಟಪ ಬುಕ್ ಮಾಡ್ತೀರಾ? ಮಾಡಿ ನೋಡೋಣ!

ಬಯೋಡೇಟಾ ಮಡಚಿ ಜೇಬಿಗಿಟ್ಟು ಫೋನ್ ಎತ್ತಿಕೊಳ್ತೀರಾ. ಅವರ ಬೀದಿ ತುದಿಯಲ್ಲಿ ಹಾಲಿನ ಬೂತ್ ಇಟ್ಟಿರೋನು ನಿಮ್ಮ ಷಡ್ಡಕನ ಊರಿನವನು, ಅವನಿಗೊಂದು ಕಾಲ್. ಹುಡುಗನ ಆಫೀಸಿನಲ್ಲಿ ನಿಮ್ಮ ಅತ್ತಿಗೆಯ ತಮ್ಮ ಇದ್ದಾನೆ, ಅವನಿಗೊಂದು. ‘ಸ್ವಂತ ಮನೆ’ ಯಾರ ಹೆಸರಿನಲ್ಲಿದೆ ಅಂತ ಇಸಿ ತೆಗೆಸ್ತೀರಾ. ಸುಮ್ಮನೆ ಆ ಕಡೆ ಹೋಗಿದ್ವಿ ಅಂತ ಪಕ್ಕದ ಮನೆಯಲ್ಲಿ ನೀರು ಕೇಳಿ ಕುಡಿದು ಬರ್ತೀರಾ. ಹುಡುಗನ ಅಪ್ಪ ಹೇಳಿದ ಒಂದಕ್ಷರವನ್ನೂ ಹುಡುಗನ ಅಪ್ಪನ ಬಾಯಿಂದ ನಂಬಲ್ಲ.

ಇದನ್ನೇ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಯಾಮ್ ವೈನ್‌ಬರ್ಗ್ ಅನ್ನೋ ಪ್ರೊಫೆಸರ್ ‘ಲ್ಯಾಟರಲ್ ರೀಡಿಂಗ್’ ಅಂತ ಕರೆದರು. ಹತ್ತು ಜನ ಇತಿಹಾಸದ ಪಂಡಿತರು, ಹತ್ತು ಜನ ಫ್ಯಾಕ್ಟ್‌ಚೆಕರ್‌ಗಳು, ಇಪ್ಪತ್ತೈದು ಕಾಲೇಜು ಹುಡುಗರನ್ನ ಕೂರಿಸಿ ಒಂದಿಷ್ಟು ವೆಬ್‌ಸೈಟ್ ತೋರಿಸಿದರಂತೆ. ಪಂಡಿತರು, ಹುಡುಗರು ಪುಟವನ್ನ ಮೇಲಿಂದ ಕೆಳಗೆ ಭಕ್ತಿಯಿಂದ ಓದಿ, ಅಂದವಾದ ಲೋಗೋ ನೋಡಿ ಸುಮಾರು ಸಲ ಏಮಾರಿದರು. ಫ್ಯಾಕ್ಟ್‌ಚೆಕರ್‌ಗಳು ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲೇ ಇಲ್ಲ, ಇದನ್ನ ನಡೆಸೋರು ಯಾರು ಅಂತ ಬೇರೆ ಕಡೆ ವಿಚಾರಿಸೋಕೆ ಹೊರಟುಬಿಟ್ಟರು.

ಗೊತ್ತಾಯ್ತಾ? ಹಾಲಿನ ಬೂತಿಗೆ ಹೋದರು. ಅಮೆರಿಕದವರು 2017ರಲ್ಲಿ ಪೇಪರ್ ಬರೆದು ಹೇಳಿದ್ದನ್ನ ನಿಮ್ಮ ಅತ್ತೆಯವರು ಆಗಲೇ ಮೂರು ಮದುವೆಗೆ ಮಾಡಿ ಮುಗಿಸಿದ್ದರು. ಬದನೆಕಾಯಿ ತಿರುಗಿಸಿ ತೂತು ನೋಡ್ತೀರಾ, ಚಿನ್ನ ಒರೆಗೆ ಹಚ್ಚಿಸ್ತೀರಾ, ಸೈಟು ಅಂದರೆ ಅಜ್ಜನ ಕಾಲದ ಪತ್ರ ಕೇಳ್ತೀರಾ. ಫೋನಿನಲ್ಲಿ ಬಂದ ಮಾತಿಗೆ ಮಾತ್ರ ಅದೇನು ಅಳಿಯನ ಉಪಚಾರ ಸ್ವಾಮಿ?

ಕಾರಣ ನಾನು ಹೇಳ್ತೀನಿ, ಬೇಜಾರು ಮಾಡ್ಕೋಬಾರದು. ನಮಗೆ ಖುಷಿ ಕೊಡೋ ಮಾತನ್ನ ನಾವು ಒರೆಗೆ ಹಚ್ಚಲ್ಲ. ‘ಕನ್ನಡ 99.99 ಪರ್ಸೆಂಟ್ ಪರಿಪೂರ್ಣ, ವೈಜ್ಞಾನಿಕ ಭಾಷೆ’ ಅಂತ ನವೆಂಬರ್ ಒಂದನೇ ತಾರೀಖು ಬರುತ್ತಲ್ಲ? ಹಳದಿ ಕೆಂಪು ಹಿನ್ನೆಲೆ, ಕೆಳಗೆ ‘ನಿಜವಾದ ಕನ್ನಡಿಗರಾದರೆ ಶೇರ್ ಮಾಡಿ’. ನಾನು ಪ್ರತಿ ವರ್ಷ ಮಾಡ್ತಿದ್ದೆ. ಹೋದ ವರ್ಷ ಪುಟ್ಟಿ ಕೇಳಿದ್ದು ಇಷ್ಟೇ: “ಆ 0.01 ಎಲ್ಲಿ ಹೋಯ್ತು ಮಾಮ?”

ಎಲ್ಲಿ ಹೋಯ್ತು? ಭಾಷೆಯನ್ನ ಯಾವ ತಕ್ಕಡಿಗೆ ಹಾಕಿದರು? ಆ ಒಂದು ಚೂರು ಕೊರತೆ ‘ಋ’ ಕಾರಕ್ಕೋ, ಅರ್ಕಾವತ್ತಿಗೋ? ನಾನು ‘ಅಮ್ಮನ ಭಾಷೆಯನ್ನ ಅಳೀಬಾರದು ಕಣೇ’ ಅಂದೆ. “ಅಳೆದಿದ್ದು ನಾನಲ್ಲ, ನೀವು ಕಳಿಸಿದ್ದು” ಅಂದಳು. ಕನ್ನಡ ಅವಳಿಗೂ ಪ್ರಾಣವೇ. ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸೋವಾಗ ಇಂಗ್ಲಿಷ್ ಸಾಹಿತ್ಯಕ್ಕೆ 820 ಅಂತ ಉಂಡೆ ನಂಬರ್, ಕನ್ನಡ ಸಾಹಿತ್ಯಕ್ಕೆ 894.814 ಅಂತ ಗಲ್ಲಿಯ ಕೊನೇ ಮನೆ ಅಂತ ಗೊತ್ತಾದಾಗ ರೇಗಿದ್ದು ಅವಳೇ. ಆ ಸಿಟ್ಟು ನನಗೆ ಸರಿ ಅನ್ನಿಸ್ತು, ಲೆಕ್ಕ ಇರೋ ಸಿಟ್ಟು.

ರಾಷ್ಟ್ರಗೀತೆಗೆ ಯುನೆಸ್ಕೋ ಫಸ್ಟ್ ಪ್ರೈಜ್ ಕೊಟ್ಟಿದ್ದೂ ಇದೇ ಪೈಕಿ. ಯುನೆಸ್ಕೋ ಅಂಥ ಸ್ಪರ್ಧೆ ಇಟ್ಟೇ ಇಲ್ಲ. ದೀಪಾವಳಿ ರಾತ್ರಿ ಉಪಗ್ರಹದಿಂದ ಕಂಡ ಭಾರತ ಅಂತ ಬಣ್ಣಬಣ್ಣದ ನಕ್ಷೆ ಬರುತ್ತಲ್ಲ, ಅದೂ ಹಬ್ಬದ ರಾತ್ರಿಯದಲ್ಲ. ಊರುಗಳ ದೀಪ ವರ್ಷದಿಂದ ವರ್ಷಕ್ಕೆ ಹೇಗೆ ಹೆಚ್ಚಿತು ಅಂತ ತೋರಿಸೋಕೆ ಅಮೆರಿಕದ ಒಬ್ಬ ವಿಜ್ಞಾನಿ ಬೇರೆ ಬೇರೆ ಬಣ್ಣ ಹಚ್ಚಿದ್ದು. ನಾಸಾದವರು 2012ರಲ್ಲೇ ಸ್ಪಷ್ಟ ಮಾಡಿದ್ದಾರೆ. ನೀವು ಹೋದ ದೀಪಾವಳಿಗೂ ಕಳಿಸಿದ್ರಿ, ಇರಲಿ.

ಇನ್ನೊಂದು ಕಾರಣವೂ ಇದೆ. ನಮ್ಮ ಮನೆಗಳಲ್ಲಿ ‘ನಿಮಗೆ ಹೇಗೆ ಗೊತ್ತು?’ ಅಂತ ಕೇಳಿದರೆ ಅದು ಪ್ರಶ್ನೆ ಆಗಲ್ಲ, ತಲೆಹರಟೆ ಆಗುತ್ತೆ. ಅಕ್ಕ ಆವತ್ತು ಪುಟ್ಟಿಗೆ ಚೆನ್ನಾಗಿ ಬೈದಳು, ಮಾಮನಿಗೆ ಎದುರು ಮಾತಾಡ್ತೀಯಾ ಅಂತ. ಭಾವ ಮಾತ್ರ ಪೇಪರ್ ಅಡ್ಡ ಹಿಡಿದು ಒಳಗೊಳಗೇ ನಕ್ಕರಂತೆ (ಮೂವತ್ತು ವರ್ಷದಿಂದ ಅವರು ನನ್ನನ್ನ ಕೇಳಬೇಕು ಅಂತಿದ್ದದ್ದು ಅದೇ ಪ್ರಶ್ನೆ).

ನಾನೂ ಸುಮ್ಮನೆ ಬಿಡೋನಲ್ಲ. ಪುಟ್ಟಿಯನ್ನ ಹೇಗಾದ್ರೂ ಸೋಲಿಸಬೇಕು ಅಂತ ಫೋನಿನ ಎಐಯನ್ನ ಕೇಳಿದೆ, ಅತ್ತೆ ಸೊಸೆ ಬಗ್ಗೆ ಒಂದು ಕಗ್ಗ ಇದೆ ಅಲ್ವಾ ಅಂತ. ಅದು ಎಷ್ಟು ವಿನಯ ಅಂತೀರಾ! ಖಂಡಿತ ಇದೆ ಅಂತ ನಾಲ್ಕು ಸಾಲು ಕೊಡ್ತು, ಪದ್ಯದ ನಂಬರ್ ಸಮೇತ. ಕುಣಿಯುತ್ತಾ ಹೋಗಿ ತೋರಿಸಿದೆ. ಪುಟ್ಟಿ ನಂಬರ್ ನೋಡಿದಳು, ನನ್ನ ಮುಖ ನೋಡಿದಳು. 1,012 ಅಂತಿತ್ತು.

ಈಗ ನಾನು ಸುಧಾರಿಸಿದೀನಿ. ಕಗ್ಗದ ಪುಸ್ತಕ ತಂದು ಟೀವಿ ಪಕ್ಕ ಇಟ್ಟಿದೀನಿ, ಹಿಂದೆ ಅಕಾರಾದಿ ಇದೆಯಾ ಅಂತ ನೋಡಿಯೇ ತಂದದ್ದು. ಆ ಅತ್ತೆ ಸೊಸೆ ಕಗ್ಗವನ್ನ ಗ್ರೂಪಿನಿಂದ ಅಳಿಸಿಹಾಕಿದೆ. ಅಳಿಸುವಷ್ಟರಲ್ಲಿ ದೊಡ್ಡಮ್ಮ ಅದನ್ನ ಭಜನಾ ಮಂಡಳಿಗೆ ಕಳಿಸಿ ಆಗಿತ್ತು, ಅಲ್ಲಿಂದ ಮುಂದೆ ಎಲ್ಲಿಗೆ ಹೋಯ್ತು ಅಂತ ನಾನು ಕೇಳೋಕೆ ಹೋಗಲಿಲ್ಲ.

ಇವತ್ತು ಬೆಳಗ್ಗೆ ಅದು ತಿರುಗಿ ಬಂತು. ಅದೇ ನಾಲ್ಕು ಸಾಲು, ಅದೇ ಮಂಕುತಿಮ್ಮ. ಡಿವಿಜಿ ಪೇಟದ ಸುತ್ತ ಈಗ ಒಂದು ಪ್ರಭಾವಳಿ ಬಂದಿದೆ, ಮೂಲೆಯಲ್ಲೊಂದು ಗುಲಾಬಿಯೂ ಅರಳಿದೆ. ಕೆಳಗೆ ‘ಕೃಪೆ: ವಾಟ್ಸಾಪ್’. ಐದು ಗಂಟೆ ನಲವತ್ತೇಳು ನಿಮಿಷಕ್ಕೆ, ಇನ್ನೂ ಹಲ್ಲುಜ್ಜದ ಹೊತ್ತಿನಲ್ಲಿ. ಕಳಿಸಿದ ಪುಣ್ಯಾತ್ಮರು ಯಾರು ಅಂತ ಹೆಸರು ನೋಡಿದರೆ, ನೀವು!

ಈಗ ಹೇಳಿ, ಎಷ್ಟನೇ ಪದ್ಯ ಸ್ವಾಮಿ ಅದು?